ಟೋಪಿ ಹಾಕಿದವರು, ಟೋಪಿ ಹಾಕಿಸಿಕೊಂಡವರು

ಸಾಕ್ಷ್ಯಚಿತ್ರ ತಯಾರಿಸಲು ಬಂದ ಯುವತಿಯೊಬ್ಬಳು ಮೂವರು ರ‍್ಯಾಪ್ ಗಾಯಕರ ಮುಂದೆ ಕ್ಯಾಮೆರಾ ಇಟ್ಟು, ಅವರ ಟೋಪಿಗಳ ಗುಟ್ಟೇನೆಂದು ಕೇಳುತ್ತಾಳೆ. ಗಾಯಕರು ಬಹಳ ಗಂಭೀರವಾಗಿ ವಿವರಿಸುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ತಮ್ಮ ಹಿರಿಯರಿಗೆ ಟೋಪಿ ಇರಲಿಲ್ಲವಂತೆ. ದಿನವಿಡೀ ಸುಡುಬಿಸಿಲಿನಲ್ಲಿ ಬರಿದಲೆಯಲ್ಲಿ ದುಡಿದು ಬಂದವರಿಗೆ ಸಂಜೆ ದಂಗೆಯೇಳುವ ತ್ರಾಣ ಉಳಿಯುತ್ತಿರಲಿಲ್ಲವಂತೆ. ಈಗ ತಲೆಯ ಮೇಲೆ ಟೋಪಿ ಇರುವುದರಿಂದ ತಮ್ಮನ್ನು ಯಾರೂ ದಣಿಸಲಾರರಂತೆ!

ಈ ಗಾಯಕರು ನಿಜವಾದವರಲ್ಲ. ರಸ್ಟಿ ಕಂಡೀಫ್ ಬರೆದು, ನಿರ್ದೇಶಿಸಿ, ಸ್ವತಃ ನಟಿಸಿದ ‘ಫಿಯರ್ ಆಫ್ ಎ ಬ್ಲ್ಯಾಕ್ ಹ್ಯಾಟ್’ ಎಂಬ ಅಮೆರಿಕನ್ ಹಾಸ್ಯಚಿತ್ರದ ಪಾತ್ರಗಳು. 1993ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು 1994ರಲ್ಲಿ ಚಿತ್ರಮಂದಿರಗಳಿಗೆ ಬಂದ ಈ ಚಿತ್ರದಲ್ಲಿ ತಂಡವೂ ಕಲ್ಪಿತ, ಆಲ್ಬಂಗಳೂ ಕಲ್ಪಿತ, ಕ್ರಾಂತಿಯ ಮಾತೂ ಕಲ್ಪಿತ. ಆದರೆ ಚಿತ್ರದ ಹಾಡುಗಳು ಅಂಗಡಿಯಲ್ಲಿ ನಿಜವಾದ ಆಲ್ಬಂ ಆಗಿಯೇ ಮಾರಾಟಕ್ಕೆ ಬಂದವು. ಇಲ್ಲದ ತಂಡದ ಇರುವ ಆಲ್ಬಂ!

ಹಿಪ್‌ಹಾಪ್ ಸಂಗೀತದ ಇತಿಹಾಸದಲ್ಲಿ ಇಂಥ ನಗೆಯ ಆಲ್ಬಂಗಳಿಗೆ, ಸೋಗಿನ ಗಾಯಕರಿಗೆ, ಅವರ ಬೆನ್ನಿಗೆ ಬರುವ ಬೊಂಬೆ, ಪಾನೀಯ, ಆಟಿಕೆಗಳಿಗೆ ತಮ್ಮದೇ ಆದ ಒಂದು ಅಧ್ಯಾಯವಿದೆ. ವಿಚಿತ್ರವೆಂದರೆ, ಅಣಕ ಮಾಡುವವರು ಅತಿರೇಕವೆಂದು ತಿಳಿದು ಕಲ್ಪಿಸಿದ್ದನ್ನೆಲ್ಲ ಮಾರುಕಟ್ಟೆ ಒಂದೊಂದಾಗಿ ನಿಜ ಮಾಡಿ, ಬೆಲೆಚೀಟಿ ಅಂಟಿಸಿ ಮಾರಿದೆ. ಕೆಲವು ಸಲ ನಿಜವೇ ಮೊದಲು ಬಂದು, ಅಣಕ ಅದರ ಹಿಂದೆ ಏದುಸಿರು ಬಿಡುತ್ತಾ ಓಡಿದೆ. ನಗು ಮುಂದೋ ಸಂತೆ ಮುಂದೋ ಎಂಬ ಈ ಓಟದ ಕಥೆ ಕೇವಲ ತಮಾಷೆಯದಲ್ಲ. ಬಡವರ ಬೀದಿಯಲ್ಲಿ ಹುಟ್ಟಿದ ಕಲೆಯೊಂದು ಯಾರ ಕೈಗೆ ಸೇರಿತು ಎಂಬ ಪ್ರಶ್ನೆಯೂ ಅದರೊಳಗಿದೆ.

ಹುಟ್ಟಿನಲ್ಲೇ ಟಿಕೆಟು

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಸೆಡ್ಜ್‌ವಿಕ್ ಅವೆನ್ಯೂ 1520ನೇ ಸಂಖ್ಯೆಯ ವಸತಿ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಕೂಟ ಏರ್ಪಡಿಸಿದಳು. ಶಾಲೆ ಮತ್ತೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಹೊಂದಿಸಿಕೊಳ್ಳುವುದು ಅವಳ ಉದ್ದೇಶ. ಪ್ರವೇಶ ಶುಲ್ಕ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಗ್ರಾಮಫೋನ್ ತಟ್ಟೆಗಳನ್ನು ನುಡಿಸಿದವನು ಅವಳ ಅಣ್ಣ ಕ್ಲೈವ್. ‘ಡಿಜೆ ಕೂಲ್ ಹರ್ಕ್’ ಎಂಬ ಹೆಸರಿನಿಂದ ಮುಂದೆ ಹಿಪ್‌ಹಾಪ್‌ನ ಪಿತಾಮಹರಲ್ಲಿ ಒಬ್ಬನೆನಿಸಿಕೊಂಡವನು. ಹಾಡಿನ ನಡುವೆ ಬರುವ ಬರಿಯ ತಾಳದ ಭಾಗವನ್ನು ಎರಡು ತಟ್ಟೆಗಳ ನೆರವಿನಿಂದ ಹಿಗ್ಗಿಸುವುದು ಅವನ ಜಾಣ್ಮೆಯಾಗಿತ್ತು. ಆ ತಾಳದ ಮೇಲೆ ಪ್ರಾಸಬದ್ಧವಾಗಿ, ವೇಗವಾಗಿ ಮಾತು ಹೆಣೆಯುವ ಕಲೆಯೇ ರ‍್ಯಾಪ್.

ತನ್ನನ್ನು ತಾನು ಹೊಗಳಿಕೊಳ್ಳುವುದು, ಎದುರಾಳಿಯನ್ನು ಹೀಯಾಳಿಸುವುದು ಈ ಕಲೆಯ ಹುಟ್ಟುಗುಣ. ನಮ್ಮ ಹರದೇಶಿ–ನಾಗೇಶಿ ಮೇಳಗಳ ಸವಾಲು–ಜವಾಬು ಕೇಳಿ ಬಲ್ಲವರಿಗೆ ಈ ಪೈಪೋಟಿಯ ಸ್ವಾರಸ್ಯವನ್ನು ಹೊಸದಾಗಿ ವಿವರಿಸಬೇಕಿಲ್ಲ. ಬಡಾಯಿ ಇದ್ದಲ್ಲಿ ನಗೆ ಇರಲೇಬೇಕು. ಬೊಗಳೆ ಬಿಡುವವನಿಗೂ ಕೇಳುವವನಿಗೂ ಅದು ಬೊಗಳೆಯೆಂದು ಗೊತ್ತಿರುತ್ತದೆ.

ಆದರೆ ಈ ಕಲೆ ಬೀದಿಯಿಂದ ಅಂಗಡಿಗೆ ಕಾಲಿಟ್ಟ ಮೊದಲ ಹೆಜ್ಜೆಯಲ್ಲೇ ಒಂದು ಸೋಗು ಸೇರಿಕೊಂಡಿತು. 1979ರಲ್ಲಿ ಬಂದ ‘ರ‍್ಯಾಪರ್ಸ್ ಡಿಲೈಟ್’ ದೊಡ್ಡ ಪ್ರಮಾಣದಲ್ಲಿ ಮಾರಾಟವಾದ ಮೊದಲ ರ‍್ಯಾಪ್ ಹಾಡು. ಅದನ್ನು ಹಾಡಿದ ‘ಶುಗರ್‌ಹಿಲ್ ಗ್ಯಾಂಗ್’ ಬ್ರಾಂಕ್ಸ್‌ನ ಕೂಟಗಳಲ್ಲಿ ಹೆಸರು ಮಾಡಿದ ತಂಡವಾಗಿರಲಿಲ್ಲ. ಧ್ವನಿಮುದ್ರಣ ಸಂಸ್ಥೆಯ ಒಡತಿ ಸಿಲ್ವಿಯಾ ರಾಬಿನ್‌ಸನ್ ಈ ಹಾಡಿಗಾಗಿಯೇ ನ್ಯೂಜೆರ್ಸಿಯಲ್ಲಿ ಕೂಡಿಹಾಕಿದ ಮೂವರ ಗುಂಪು ಅದು. ಆ ಮೂವರಲ್ಲಿ ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದ ಬಿಗ್ ಬ್ಯಾಂಕ್ ಹ್ಯಾಂಕ್, ಗ್ರ್ಯಾಂಡ್‌ಮಾಸ್ಟರ್ ಕಾಜ್ ಎಂಬ ಕವಿಯ ಸಾಲುಗಳನ್ನು ಎರವಲು ತಂದು ಹಾಡಿದ. ಎಷ್ಟರಮಟ್ಟಿಗೆಂದರೆ, ಕಾಜ್ ತನ್ನ ಅಡ್ಡಹೆಸರನ್ನು ಅಕ್ಷರ ಬಿಡಿಸಿ ಹೇಳಿಕೊಳ್ಳುವ ಸಾಲನ್ನೂ ಬದಲಿಸದೆ ಹಾಗೆಯೇ ಒಪ್ಪಿಸಿದ! ಹಾಡು ಜಗತ್ತು ಸುತ್ತಿತು. ಕಾಜ್‌ಗೆ ಅದರಲ್ಲಿ ಹೆಸರೂ ಸಿಗಲಿಲ್ಲ.

ಹಿಪ್‌ಹಾಪ್‌ನಲ್ಲಿ ‘ಅಸಲಿ ಯಾರು, ನಕಲಿ ಯಾರು’ ಎಂಬ ಜಗಳ ಇಷ್ಟು ತೀವ್ರವಾಗಿರುವುದಕ್ಕೆ ಬೇರು ಇಲ್ಲಿದೆ. ಅಣಕದ ಬೇರೂ ಇಲ್ಲಿಯೇ ಇದೆ.

ಹೊರಗಿನವರ ನಗೆ

ಹೊಸ ಕಲೆಯನ್ನು ಕಂಡು ಮೊದಲು ನಕ್ಕವರು ಹೊರಗಿನವರು. 1981ರಲ್ಲಿ ಹಾಸ್ಯಚಿತ್ರಗಳ ನಿರ್ದೇಶಕ ಮೆಲ್ ಬ್ರೂಕ್ಸ್ ಫ್ರಾನ್ಸಿನ ದೊರೆಯ ವೇಷದಲ್ಲಿ ‘ಇಟ್ಸ್ ಗುಡ್ ಟು ಬಿ ದ ಕಿಂಗ್’ ಎಂಬ ರ‍್ಯಾಪ್ ಹೇಳಿದರು. 1983ರಲ್ಲಿ ವೇದಿಕೆಯ ಹಾಸ್ಯಗಾರ ರಾಡ್ನಿ ಡೇಂಜರ್‌ಫೀಲ್ಡ್, ಆಗಲೇ ಅರವತ್ತು ದಾಟಿದ್ದವರು, ‘ರ‍್ಯಾಪಿನ್ ರಾಡ್ನಿ’ ಎಂಬ ಆಲ್ಬಂ ಹೊರತಂದರು. ವಯಸ್ಸಾದ ಬಿಳಿಯ ಮನುಷ್ಯ ಹುಡುಗರ ಹಾಗೆ ಪ್ರಾಸ ಹೇಳುವುದೇ ಇಲ್ಲಿನ ತಮಾಷೆ.

ಇದರಲ್ಲಿ ಕೆಡುಕಿನ ಉದ್ದೇಶವಿರಲಿಲ್ಲ. ಆದರೆ ಈ ನಗೆಯ ಹಿಂದೆ ಒಂದು ನಂಬಿಕೆ ಇತ್ತು. ರ‍್ಯಾಪ್ ಎಂದರೆ ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿತುಬಿಡಬಹುದಾದ ಹುಡುಗಾಟ, ನಾಳೆಯೋ ನಾಡಿದ್ದೋ ಮರೆಯಾಗುವ ಶೋಕಿ ಎಂಬ ನಂಬಿಕೆ. ಹಾಗೆ ಅಂದುಕೊಂಡವರ ಲೆಕ್ಕ ತಪ್ಪಿತು. ಶೋಕಿ ಹೋಗಲಿಲ್ಲ, ವ್ಯಾಪಾರವಾಗಿ ಬೆಳೆಯಿತು.

ಬೂಟಿನಿಂದ ಬೊಂಬೆಗೆ

1986ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣದಲ್ಲಿ ರನ್–ಡಿಎಂಸಿ ತಂಡದ ಕಛೇರಿ. ‘ಮೈ ಅಡಿಡಾಸ್’ ಎಂಬ ಹಾಡು ಬಂದಾಗ ಗಾಯಕರು ಸಭಿಕರಿಗೆ ಬೂಟುಗಳನ್ನು ಎತ್ತಿ ತೋರಿಸುವಂತೆ ಹೇಳಿದರು. ಸಾವಿರಾರು ಕೈಗಳು ಬೂಟು ಹಿಡಿದು ಮೇಲೆದ್ದವು. ಆ ಸಭೆಯಲ್ಲಿ ಜರ್ಮನಿಯ ಅಡಿಡಾಸ್ ಕಂಪೆನಿಯ ಅಧಿಕಾರಿಯೂ ಇದ್ದರು. ಅದರ ಫಲವಾಗಿ ತಂಡಕ್ಕೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ಎಂದು ಹೇಳಲಾಗುವ ಒಪ್ಪಂದ ದೊರೆಯಿತು. ಆಟಗಾರರಲ್ಲದ ಗಾಯಕರಿಗೆ ಬೂಟಿನ ಕಂಪೆನಿ ಇಷ್ಟು ದೊಡ್ಡ ಮೊತ್ತ ಕೊಟ್ಟದ್ದು ಆಗ ಹೊಸ ಸಂಗತಿ. ಹಾಡು ಮೊದಲು, ಜಾಹೀರಾತು ಆಮೇಲೆ ಎಂಬ ಕ್ರಮ ಅಲ್ಲಿ ಇನ್ನೂ ಉಳಿದಿತ್ತು ಎಂಬುದನ್ನು ಗಮನಿಸಬೇಕು.

ನಾಲ್ಕು ವರ್ಷಗಳಲ್ಲಿ ಕ್ರಮ ಬದಲಾಯಿತು. 1990ರಲ್ಲಿ ಬಂದ ಎಂ.ಸಿ. ಹ್ಯಾಮರ್ ಅವರ ‘ಪ್ಲೀಸ್ ಹ್ಯಾಮರ್ ಡೋಂಟ್ ಹರ್ಟ್ ಎಮ್’ ಅಮೆರಿಕದಲ್ಲೇ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದ ಮೊದಲ ಹಿಪ್‌ಹಾಪ್ ಆಲ್ಬಂ. ಪೆಪ್ಸಿಯ ಜಾಹೀರಾತು, ಕೆಂಟಕಿ ಫ್ರೈಡ್ ಚಿಕನ್‌ನ ಜಾಹೀರಾತು ಬಂದವು. 1991ರಲ್ಲಿ ಬಾರ್ಬಿ ಬೊಂಬೆಗಳ ತಯಾರಕರಾದ ಮ್ಯಾಟೆಲ್ ಕಂಪೆನಿಯವರು ಜೋಲು ಷರಾಯಿ ತೊಟ್ಟ ಹ್ಯಾಮರ್ ಬೊಂಬೆಯನ್ನು ಮಾರುಕಟ್ಟೆಗೆ ಬಿಟ್ಟರು. ಅದೇ ವರ್ಷ ಎಬಿಸಿ ದೂರದರ್ಶನ ಜಾಲದಲ್ಲಿ ‘ಹ್ಯಾಮರ್‌ಮ್ಯಾನ್’ ಎಂಬ ಮಕ್ಕಳ ಕಾರ್ಟೂನ್ ಸರಣಿ ಶುರುವಾಯಿತು. ಮಾತಾಡುವ ಮಾಯಾ ಬೂಟುಗಳನ್ನು ಹಾಕಿಕೊಂಡೊಡನೆ ಸಾಧಾರಣ ಯುವಕನೊಬ್ಬ ಮಹಾವೀರನಾಗಿ ಬದಲಾಗುವುದು ಅದರ ಕಥೆ. ಇದನ್ನು ಯಾರೋ ಹಾಸ್ಯಗಾರರು ಬರೆದಿದ್ದರೆ ‘ಸ್ವಲ್ಪ ಅತಿಯಾಯಿತು’ ಎನ್ನಬಹುದಾಗಿತ್ತು. ಇದು ನಿಜವಾದ ಉತ್ಪನ್ನ.

ಅದೇ ಕಾಲದಲ್ಲಿ ವೆನಿಲಾ ಐಸ್ ಎಂಬ ಬಿಳಿಯ ರ‍್ಯಾಪ್ ಗಾಯಕ ಇನ್ನೊಂದು ದಾರಿ ತೋರಿಸಿದರು. ಮಯಾಮಿಯ ಒರಟು ಬೀದಿಗಳಲ್ಲಿ ಬೆಳೆದವರೆಂದು ಅವರ ಪ್ರಚಾರ ಸಾಹಿತ್ಯ ಹೇಳುತ್ತಿತ್ತು. ಅವರು ಬೆಳೆದದ್ದು ಹೆಚ್ಚಾಗಿ ಟೆಕ್ಸಾಸಿನ ಡಲ್ಲಾಸ್ ಸಮೀಪದ ಹೊರವಲಯದಲ್ಲಿ ಎಂದು 1990ರಲ್ಲಿ ಡಲ್ಲಾಸ್ ಪತ್ರಿಕೆಯೊಂದು ಬಯಲಿಗೆಳೆಯಿತು. ಆದರೂ ಅವರ ಬೊಂಬೆ ಬಂತು, 1991ರಲ್ಲಿ ಅವರನ್ನು ನಾಯಕನನ್ನಾಗಿ ಮಾಡಿದ ಸಿನಿಮಾ ಕೂಡ ಬಂತು. ಹಾಡು, ಬದುಕಿನ ಕಥೆ, ಬೊಂಬೆ ಮೂರೂ ಒಂದೇ ಕಾರ್ಖಾನೆಯ ಸರಕಿನಂತೆ ಕಾಣತೊಡಗಿದವು.

ಹ್ಯಾಮರ್ ಅವರ ಕಥೆಯ ಕೊನೆ ನಗಿಸುವಂಥದ್ದಲ್ಲ. ದೊಡ್ಡ ಬಂಗಲೆ, ನೂರಾರು ಜನರ ಪರಿವಾರ, ನ್ಯಾಯಾಲಯದ ಖಟ್ಲೆಗಳ ನಡುವೆ ಹಣ ಸೋರಿಹೋಗಿ, 1996ರಲ್ಲಿ ಸುಮಾರು 1.3 ಕೋಟಿ ಡಾಲರ್ ಸಾಲ ತೋರಿಸಿ ಅವರು ದಿವಾಳಿ ಅರ್ಜಿ ಹಾಕಿದರು. ಬೊಂಬೆ ಮಾತ್ರ ಹಳೆಯ ಆಟಿಕೆ ಸಂಗ್ರಹಿಸುವವರ ಕಪಾಟಿನಲ್ಲಿ ಇಂದಿಗೂ ನಗುತ್ತಿದೆ.

ಒಳಗಿನವರ ನಗೆ

ಈ ಹಿನ್ನೆಲೆಯಲ್ಲಿ 1993ರ ಎರಡು ಚಿತ್ರಗಳನ್ನು ನೋಡಬೇಕು. ಎರಡೂ ಗುರಿಯಿಟ್ಟದ್ದು ‘ಗ್ಯಾಂಗ್‌ಸ್ಟಾ ರ‍್ಯಾಪ್’ ಎಂಬ ಕವಲಿನ ಮೇಲೆ. ಲಾಸ್ ಏಂಜಲಿಸ್ ಪಕ್ಕದ ಕಾಂಪ್ಟನ್‌ನ ಎನ್.ಡಬ್ಲ್ಯೂ.ಎ. ತಂಡ 1988ರಲ್ಲಿ ‘ಸ್ಟ್ರೈಟ್ ಔಟಾ ಕಾಂಪ್ಟನ್’ ಎಂಬ ಆಲ್ಬಂನಲ್ಲಿ ಪೊಲೀಸರ ದೌರ್ಜನ್ಯ, ಕೋವಿ, ಕೊಲೆಗಳ ಬಗ್ಗೆ ಹಸಿಹಸಿಯಾಗಿ ಹಾಡಿತ್ತು. 1989ರಲ್ಲಿ ಎಫ್.ಬಿ.ಐ. ಅಧಿಕಾರಿಯೊಬ್ಬರು ಆಕ್ಷೇಪಿಸಿ ಧ್ವನಿಮುದ್ರಣ ಕಂಪೆನಿಗೆ ಪತ್ರವನ್ನೇ ಬರೆದಿದ್ದರು. ಆ ಪತ್ರವೇ ತಂಡಕ್ಕೆ ಪುಕ್ಕಟೆ ಪ್ರಚಾರವಾಯಿತು. ಆಮೇಲೆ ಕೋಪವೇ ಮಾರಾಟದ ಸರಕಾಯಿತು. ಕೋಪ ಇಲ್ಲದವರೂ ಅದನ್ನು ನಟಿಸಬೇಕಾಯಿತು.

ತಾಮ್ರಾ ಡೇವಿಸ್ ನಿರ್ದೇಶಿಸಿದ ‘ಸಿಬಿ4’ ಹಿಡಿದದ್ದು ಈ ನಟನೆಯನ್ನೇ. ಕಥೆ ಬರೆದವರಲ್ಲಿ ನಟ ಕ್ರಿಸ್ ರಾಕ್ ಮತ್ತು ಕರಿಯರ ಸಂಗೀತದ ಬಗ್ಗೆ ವರ್ಷಗಳಿಂದ ಬರೆಯುತ್ತಿದ್ದ ವಿಮರ್ಶಕ ನೆಲ್ಸನ್ ಜಾರ್ಜ್ ಇದ್ದರು. ಒಳ್ಳೆಯ ಮನೆತನದ ಮೂವರು ಹುಡುಗರು ಎಷ್ಟು ಹಾಡಿದರೂ ಯಾರೂ ಕೇಳುವುದಿಲ್ಲ. ಕೊನೆಗೆ ಅವರಲ್ಲೊಬ್ಬ, ಜೈಲು ಸೇರಿದ ನಿಜವಾದ ಪುಂಡನ ಹೆಸರು, ಮಾತು, ಧೋರಣೆಗಳನ್ನು ಕದಿಯುತ್ತಾನೆ. ಜೈಲಿನ ನಾಲ್ಕನೇ ವಿಭಾಗ ಎಂಬ ಅರ್ಥದ ‘ಸೆಲ್ ಬ್ಲಾಕ್ 4’ ತಂಡದ ಹೆಸರಾಗುತ್ತದೆ. ಜೈಲಿನ ಬಾಗಿಲನ್ನೂ ನೋಡದವರು ಜೈಲಿನ ಹೆಸರಿನಲ್ಲಿ ಕೋಟ್ಯಧೀಶರಾಗುತ್ತಾರೆ. ಕಾಂಪ್ಟನ್ ಇದ್ದ ಜಾಗದಲ್ಲಿ ‘ಲೋಕ್ಯಾಶ್’ ಎಂಬ ಕಲ್ಪಿತ ಊರಿನ ಹೆಸರು ಸೇರಿಸಿ ಎನ್.ಡಬ್ಲ್ಯೂ.ಎ. ಹಾಡನ್ನೇ ಅಣಕಿಸುತ್ತಾರೆ. ಬಿಡುಗಡೆಯಾದ ಮೊದಲ ವಾರಾಂತ್ಯದಲ್ಲೇ ಈ ಚಿತ್ರ ಅಮೆರಿಕದಲ್ಲಿ ಗಳಿಕೆಯ ಮೊದಲ ಸ್ಥಾನಕ್ಕೇರಿತು.

ಕಂಡೀಫ್ ಅವರ ಟೋಪಿಯ ಚಿತ್ರ ಇನ್ನಷ್ಟು ಮೊನಚು. ಹೆವಿ ಮೆಟಲ್ ಸಂಗೀತವನ್ನು ಗೇಲಿ ಮಾಡಿದ 1984ರ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಮಾದರಿಯಲ್ಲಿ ಅದು ಸುಳ್ಳು ಸಾಕ್ಷ್ಯಚಿತ್ರದ ರೂಪ ತಾಳಿತು. ಹೆಸರು ‘ಪಬ್ಲಿಕ್ ಎನಿಮಿ’ ತಂಡದ 1990ರ ‘ಫಿಯರ್ ಆಫ್ ಎ ಬ್ಲ್ಯಾಕ್ ಪ್ಲಾನೆಟ್’ ಆಲ್ಬಂನ ಅಣಕ. ತಂಡದ ಹೆಸರು ಎನ್.ಡಬ್ಲ್ಯೂ.ಎಚ್.; ಕೊನೆಯ ಅಕ್ಷರಕ್ಕೆ ‘ಹ್ಯಾಟ್ಸ್’ ಎಂದರ್ಥ. ಐಸ್ ಕೋಲ್ಡ್, ಟೇಸ್ಟಿ ಟೇಸ್ಟ್, ಟೋನ್ ಡೆಫ್ ಎಂಬ ಈ ಮೂವರು ಶುದ್ಧ ಅಶ್ಲೀಲ ಹಾಡನ್ನು ಹಾಡಿ, ಅದಕ್ಕೊಂದು ಸಾಮಾಜಿಕ ನ್ಯಾಯದ ಭಾಷ್ಯವನ್ನೂ ಒದಗಿಸುತ್ತಾರೆ. ತಂಡ ಒಡೆದಾಗ ಒಬ್ಬೊಬ್ಬನೂ ಆ ಕಾಲದ ಒಂದೊಂದು ಬಗೆಯ ಗಾಯಕನಾಗಿ ರೂಪಾಂತರ ಹೊಂದುತ್ತಾನೆ. ನಿನ್ನೆ ಕೋವಿ ಹಿಡಿದವನು ಇಂದು ಹೂವು ಹಿಡಿದು ಅಧ್ಯಾತ್ಮ ಹಾಡುತ್ತಾನೆ!

ಕನ್ನಡದಲ್ಲಿ ‘ಟೋಪಿ ಹಾಕುವುದು’ ಎಂದರೆ ಬೇರೆಯೇ ಅರ್ಥ. ಕಂಡೀಫ್ ಅವರಿಗೆ ಕನ್ನಡ ಗೊತ್ತಿಲ್ಲದಿದ್ದರೂ ಚಿತ್ರದ ತಿರುಳು ಅದೇ. ಗಾಯಕರು ಯಾರಿಗೆ ಟೋಪಿ ಹಾಕುತ್ತಿದ್ದಾರೆ? ಗಾಯಕರಿಗೆ ಟೋಪಿ ಹಾಕುತ್ತಿರುವವರು ಯಾರು? ಮೆಲ್ ಬ್ರೂಕ್ಸ್ ಕಾಲದ ನಗೆಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅವರು ನಕ್ಕದ್ದು ಬೀದಿಯ ಆಚೆ ಬದಿ ನಿಂತು. ಇವರು ನಕ್ಕದ್ದು ತಮ್ಮ ಮನೆಯ ಜಗಲಿಯಲ್ಲಿ ಕುಳಿತು. ಪಬ್ಲಿಕ್ ಎನಿಮಿಯನ್ನು ಸಾಲು ಸಾಲಾಗಿ ಬಲ್ಲವನಿಗೆ ಮಾತ್ರ ಅದನ್ನು ಹೀಗೆ ಅಣಕಿಸುವುದು ಸಾಧ್ಯ.

ನ್ಯಾಯಾಲಯಕ್ಕೆ ಹೋದ ತಮಾಷೆ

ನಗುವ ಹಕ್ಕಿನ ಪ್ರಶ್ನೆ ಅದೇ ಹೊತ್ತಿಗೆ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಮಯಾಮಿಯ ‘2 ಲೈವ್ ಕ್ರೂ’ ತಂಡ 1989ರಲ್ಲಿ, ರಾಯ್ ಆರ್ಬಿಸನ್ ಅವರ 1964ರ ಪ್ರಸಿದ್ಧ ಪ್ರೇಮಗೀತೆ ‘ಓ, ಪ್ರೆಟಿ ವುಮನ್’ ಅನ್ನು ಒರಟು ತಮಾಷೆಯ ರ‍್ಯಾಪ್ ಆಗಿ ಮಾರ್ಪಡಿಸಿತು. ಹಕ್ಕುದಾರರಾದ ಅಕಫ್–ರೋಸ್ ಸಂಸ್ಥೆಯನ್ನು ಅನುಮತಿ ಕೇಳಿ, ಹಣ ಕೊಡಲೂ ತಂಡ ಸಿದ್ಧವಿತ್ತು. ಸಂಸ್ಥೆ ಒಪ್ಪಲಿಲ್ಲ. ತಂಡ ಆಲ್ಬಂ ಬಿಡುಗಡೆ ಮಾಡಿಯೇಬಿಟ್ಟಿತು.

ಕೆಳಗಿನ ನ್ಯಾಯಾಲಯ ತಂಡದ ಪರ ತೀರ್ಪಿತ್ತಿತು, ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. 1994ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಡೇವಿಡ್ ಸೌಟರ್ ಬರೆದ ಸರ್ವಾನುಮತದ ತೀರ್ಪಿನಲ್ಲಿ ಎರಡು ಮುಖ್ಯ ಮಾತುಗಳನ್ನು ಹೇಳಿತು. ಅಣಕ ಮಾಡುವವನು ಮೂಲವನ್ನು ಕೇಳುಗನಿಗೆ ನೆನಪಿಸಲೇಬೇಕು. ಆದ್ದರಿಂದ ಮೂಲದಿಂದ ಒಂದಿಷ್ಟು ತೆಗೆದುಕೊಳ್ಳುವುದು ಅನಿವಾರ್ಯ. ಎರಡನೆಯದು, ಹಣಕ್ಕಾಗಿ ಮಾರಿದ ಮಾತ್ರಕ್ಕೆ ಅಣಕ ತನ್ನ ರಕ್ಷಣೆಯನ್ನು ಕಳೆದುಕೊಳ್ಳುವುದಿಲ್ಲ. ಪ್ರಕರಣ ಮತ್ತೆ ಕೆಳಗೆ ಹೋಗಿ, ಕೊನೆಗೆ ಎರಡೂ ಪಕ್ಷಗಳು ರಾಜಿ ಮಾಡಿಕೊಂಡವು. ಆದರೆ ಅಮೆರಿಕದ ಕೃತಿಸ್ವಾಮ್ಯದ ಪಾಠಗಳಲ್ಲಿ ಆ ತೀರ್ಪು ಶಾಶ್ವತವಾಗಿ ಉಳಿಯಿತು. ಸಭ್ಯರು ಮೂಗು ಮುರಿಯುತ್ತಿದ್ದ ಒಂದು ರ‍್ಯಾಪ್ ತಂಡ ಆ ದೇಶದ ಸಕಲ ಹಾಸ್ಯಗಾರರಿಗೂ ಉಪಕಾರ ಮಾಡಿತು ಎನ್ನಬೇಕು.

ಕಾನೂನು ಒಪ್ಪಿದರೂ ಮನಸ್ಸು ಒಪ್ಪಬೇಕಲ್ಲ! 1995ರಲ್ಲಿ ಕೂಲಿಯೊ ಎಂಬ ರ‍್ಯಾಪ್ ಗಾಯಕ ‘ಗ್ಯಾಂಗ್‌ಸ್ಟಾಸ್ ಪ್ಯಾರಡೈಸ್’ ಹಾಡಿನಿಂದ ಮನೆಮಾತಾದರು. ಅದರ ರಾಗ ಸ್ಟೀವಿ ವಂಡರ್ ಅವರ 1976ರ ಹಾಡಿನದು. 1996ರಲ್ಲಿ ಅಣಕು ಗಾಯಕ ‘ವಿಯರ್ಡ್ ಆಲ್’ ಯಾಂಕೊವಿಕ್ ಅದೇ ಹಾಡನ್ನು, ವಿದ್ಯುತ್ತು ಕಾರುಗಳನ್ನು ದೂರವಿಟ್ಟು ಬದುಕುವ ಆಮಿಶ್ ಪಂಥದವರ ಮೇಲೆ ಹೊರಳಿಸಿ ‘ಆಮಿಶ್ ಪ್ಯಾರಡೈಸ್’ ಮಾಡಿದರು. ಗಾಯಕರ ಒಪ್ಪಿಗೆ ಇದೆಯೆಂದು ಧ್ವನಿಮುದ್ರಣ ಕಂಪೆನಿಯ ಮೂಲಕ ಯಾಂಕೊವಿಕ್ ತಿಳಿದಿದ್ದರು. ತಾವು ಒಪ್ಪಿಯೇ ಇರಲಿಲ್ಲ ಎಂದು ಕೂಲಿಯೊ ಸಿಟ್ಟಾದರು. ಸಾವು, ಬೀದಿ, ಭಯಗಳ ಬಗ್ಗೆ ಮನಸ್ಸಿಟ್ಟು ಹಾಡಿದ್ದನ್ನು ಜನ ನಗುನಗುತ್ತಾ ಗುನುಗುವುದು ಅವರಿಗೆ ನೋವು ತಂದಿತ್ತು. ಯಾಂಕೊವಿಕ್ ಕ್ಷಮೆ ಕೇಳಿ ಪತ್ರ ಬರೆದರು. ವರ್ಷಗಳ ನಂತರ ಇಬ್ಬರೂ ರಾಜಿಯಾದರು. ಅಂದು ತಾವು ಸಿಟ್ಟಾದದ್ದೇ ತಪ್ಪು ಎಂದು ಕೂಲಿಯೊ ಹೇಳಿಕೊಂಡರು. ಅವರು 2022ರಲ್ಲಿ ತೀರಿಕೊಂಡರು.

ಮುಖವಾಡದ ಕವಿಗಳು

ಇತ್ತ ಹಿಪ್‌ಹಾಪ್‌ನ ಕೆಲವು ಒಳ್ಳೆಯ ಕಲಾವಿದರು ಅಣಕವನ್ನೇ ಕಲೆಯ ಮಾರ್ಗವಾಗಿ ಮಾಡಿಕೊಂಡರು. ಪ್ರಿನ್ಸ್ ಪಾಲ್ ಎಂಬ ನಿರ್ಮಾಪಕ 1989ರಲ್ಲಿ ‘ಡಿ ಲಾ ಸೋಲ್’ ತಂಡದ ಮೊದಲ ಆಲ್ಬಂನಲ್ಲಿ ಹಾಡುಗಳ ನಡುವೆ ದೂರದರ್ಶನದ ರಸಪ್ರಶ್ನೆಯ ಅಣಕವನ್ನು ಸೇರಿಸಿದರು. ಆಲ್ಬಂಗಳಲ್ಲಿ ಇಂಥ ಪುಟ್ಟ ಪ್ರಹಸನಗಳು ಬರುವ ಪದ್ಧತಿ ಆಮೇಲೆ ವ್ಯಾಪಕವಾಯಿತು. 1999ರಲ್ಲಿ ಅವರು ಹೊರತಂದ ‘ಎ ಪ್ರಿನ್ಸ್ ಅಮಂಗ್ ಥೀವ್ಸ್’ ಇಲ್ಲದ ಸಿನಿಮಾವೊಂದರ ಶ್ರವ್ಯರೂಪದಂತಿದೆ. ಅದೇ ವರ್ಷ ಡ್ಯಾನ್ ದ ಆಟೊಮೇಟರ್ ಜೊತೆಗೂಡಿ ‘ಹ್ಯಾಂಡ್‌ಸಮ್ ಬಾಯ್ ಮಾಡೆಲಿಂಗ್ ಸ್ಕೂಲ್’ ಎಂಬ ಹೆಸರಿನಲ್ಲಿ, ಸುಂದರಾಂಗರನ್ನು ತಯಾರು ಮಾಡುವ ಕಲ್ಪಿತ ಶಾಲೆಯೊಂದರ ಆಲ್ಬಂ ಮಾಡಿದರು.

ಈ ದಾರಿಯಲ್ಲಿ ಎಲ್ಲರಿಗಿಂತ ದೂರ ಹೋದವರು ಎಂ.ಎಫ್. ಡೂಮ್. ಚಿತ್ರಕಥೆಗಳ ಖಳನಾಯಕನಂತೆ ಲೋಹದ ಮುಖವಾಡ ಧರಿಸಿದ ಇವರು 2003ರ ಒಂದೇ ವರ್ಷದಲ್ಲಿ ವಿಕ್ಟರ್ ವಾನ್ ಎಂಬ ಹೆಸರಿನಲ್ಲಿ ಒಂದು, ಕಿಂಗ್ ಗೀಡೋರಾ ಎಂಬ ರಾಕ್ಷಸನ ಹೆಸರಿನಲ್ಲಿ ಇನ್ನೊಂದು ಆಲ್ಬಂ ಹೊರತಂದರು. ಕೆಲವು ಕಾರ್ಯಕ್ರಮಗಳಿಗೆ ತಮ್ಮ ಬದಲು ಮುಖವಾಡ ಹಾಕಿದ ಬೇರೆಯವರನ್ನೇ ಕಳುಹಿಸಿಬಿಟ್ಟರು. ಹಣ ಕೊಟ್ಟು ಬಂದವರಿಗೆ ಇದು ಸಿಟ್ಟು ತರಿಸಿದ್ದು ಸಹಜ. ಜನ ಕೇಳಬೇಕಾದ್ದು ಮಾತನ್ನೋ, ನೋಡಬೇಕಾದ್ದು ಮುಖವನ್ನೋ ಎಂಬ ಪ್ರಶ್ನೆಯನ್ನೂ ಅದು ಉಳಿಸಿತು. 2020ರಲ್ಲಿ ನಿಧನರಾದ ಡೂಮ್ ಅವರನ್ನು ಅನೇಕ ರ‍್ಯಾಪ್ ಗಾಯಕರು ತಮ್ಮ ಗುರುಗಳಲ್ಲಿ ಒಬ್ಬರೆಂದು ಎಣಿಸುತ್ತಾರೆ.

ಭಾರತಕ್ಕೆ ರ‍್ಯಾಪ್ ಬಂದದ್ದೂ ನಗೆಯ ಬಾಗಿಲಿನಿಂದ ಎಂಬುದನ್ನು ಇಲ್ಲಿ ನೆನೆಯಬಹುದು. 1992ರಲ್ಲಿ ಮನೆಮನೆಯ ಟೇಪ್‌ರೆಕಾರ್ಡರುಗಳಲ್ಲಿ ಮೊಳಗಿದ ಬಾಬಾ ಸೆಹಗಲ್ ಅವರ ‘ಠಂಡಾ ಠಂಡಾ ಪಾನಿ’ ವೆನಿಲಾ ಐಸ್ ಅವರ ‘ಐಸ್ ಐಸ್ ಬೇಬಿ’ಯ ಹಿಂದಿ ಅವತಾರ. ವೆನಿಲಾ ಐಸ್ ಆ ರಾಗದ ಎಳೆಯನ್ನು ತೆಗೆದುಕೊಂಡದ್ದು ಕ್ವೀನ್ ತಂಡ ಮತ್ತು ಡೇವಿಡ್ ಬೋವಿ ಅವರ 1981ರ ಹಾಡಿನಿಂದ. ಆ ರಾಗ ಡಲ್ಲಾಸ್ ದಾಟಿ ಬರುವಾಗ ದಾರಿಯಲ್ಲಿ ಗಂಭೀರವೆಲ್ಲ ಕರಗಿ, ನಮ್ಮ ಮಕ್ಕಳ ಬಾಯಲ್ಲಿ ತಣ್ಣೀರಾಯಿತು.

ಚಿಪ್ಸು, ಪಾನೀಯ, ಹೆಡ್‌ಫೋನು

1990ರ ದಶಕದ ನಡುಭಾಗದಿಂದ ಉತ್ಪನ್ನಗಳ ಮೆರವಣಿಗೆಯೇ ಹೊರಟಿತು. 1994ರಲ್ಲಿ ಜೇಮ್ಸ್ ಲಿಂಡ್ಸೆ ಎಂಬ ಉದ್ಯಮಿ ‘ರ‍್ಯಾಪ್ ಸ್ನ್ಯಾಕ್ಸ್’ ಎಂಬ ಆಲೂಗಡ್ಡೆ ಚಿಪ್ಸ್ ಶುರು ಮಾಡಿದರು. ಪೊಟ್ಟಣದ ಮೇಲೆ ಗಾಯಕರ ಚಿತ್ರ, ಜೊತೆಗೊಂದು ಹಿತವಚನ. 1995ರಲ್ಲಿ ನ್ಯೂಯಾರ್ಕಿನ ‘ವು–ಟ್ಯಾಂಗ್ ಕ್ಲಾನ್’ ತಂಡದವರ ‘ವು ವೇರ್’ ಉಡುಪುಗಳು ಬಂದವು. 1999ರಲ್ಲಿ ಅದೇ ತಂಡದ ಗಾಯಕರು ಹೊಡೆದಾಡುವ ವಿಡಿಯೊ ಆಟ ಬಂತು. ಆಟ ಆಡುವ ಕೈಯುಪಕರಣವನ್ನೂ ತಂಡದ ಲಾಂಛನವಾದ ಇಂಗ್ಲಿಷಿನ ಡಬ್ಲ್ಯೂ ಅಕ್ಷರದ ಆಕಾರದಲ್ಲಿ ಮಾಡಿ ಮಾರಿದರು. ಅದನ್ನು ಹಿಡಿದು ಆಡುವುದು ಕಷ್ಟ, ಗೋಡೆಗೆ ತೂಗುಹಾಕಲು ಚೆಂದ.

2003ರಲ್ಲಿ ನೆಲ್ಲಿ ಎಂಬ ಗಾಯಕ ತಮ್ಮದೇ ಹಾಡಿನ ಹೆಸರಿನ ‘ಪಿಂಪ್ ಜ್ಯೂಸ್’ ಎಂಬ ಶಕ್ತಿಪಾನೀಯ ತಂದಾಗ ಕರಿಯರ ಸಂಘಟನೆಗಳೇ ಪ್ರತಿಭಟಿಸಿದವು. ತಲೆಹಿಡುಕ ಎಂಬರ್ಥದ ಶಬ್ದವನ್ನು ಮಕ್ಕಳು ಕೈಗೆತ್ತಿಕೊಳ್ಳುವ ಡಬ್ಬಿಯ ಮೇಲೆ ಅಚ್ಚು ಹಾಕುವುದು ಯಾವ ಮರ್ಯಾದೆ ಎಂಬುದು ಅವರ ಆಕ್ಷೇಪವಾಗಿತ್ತು. ಇದು ಎನ್.ಡಬ್ಲ್ಯೂ.ಎಚ್. ಚಿತ್ರದ ದೃಶ್ಯವೇ ಎನ್ನಿಸುವುದಿಲ್ಲವೆ? 50 ಸೆಂಟ್ ಎಂಬ ಗಾಯಕ 2004ರಲ್ಲಿ ‘ವಿಟಮಿನ್ ವಾಟರ್’ ಕಂಪೆನಿಯಿಂದ ನಗದಿಗಿಂತ ಹೆಚ್ಚಾಗಿ ಪಾಲು ಪಡೆದರು. 2007ರಲ್ಲಿ ಕೋಕಾ–ಕೋಲಾ ಆ ಕಂಪೆನಿಯನ್ನು 410 ಕೋಟಿ ಡಾಲರಿಗೆ ಕೊಂಡಾಗ ಹಾಡಿಗಿಂತ ನೀರೇ ಲಾಭವೆಂದು ಸಾಬೀತಾಯಿತು. ಗುಂಡೇಟು ತಿಂದು ಬದುಕಿದ ಅವರ ಜೀವನದ ಘಟನೆಯೂ ವ್ಯರ್ಥವಾಗಲಿಲ್ಲ. 2005ರಲ್ಲಿ ‘50 ಸೆಂಟ್: ಬುಲೆಟ್‌ಪ್ರೂಫ್’ ಎಂಬ ವಿಡಿಯೊ ಆಟವಾಯಿತು.

ಎನ್.ಡಬ್ಲ್ಯೂ.ಎ. ತಂಡದ ಡಾ. ಡ್ರೇ ಅವರ ಕಥೆ ಇನ್ನೂ ಸ್ವಾರಸ್ಯಕರ. ಅವರು ಜಿಮ್ಮಿ ಅಯೊವೀನ್ ಜೊತೆ ಕಟ್ಟಿದ ‘ಬೀಟ್ಸ್’ ಹೆಡ್‌ಫೋನ್ ಸಂಸ್ಥೆಯನ್ನು 2014ರಲ್ಲಿ ಆಪಲ್ ಕಂಪೆನಿ 300 ಕೋಟಿ ಡಾಲರಿಗೆ ಕೊಂಡಿತು. ಎಫ್.ಬಿ.ಐ. ಪತ್ರದಿಂದ ಆಪಲ್ ಚೆಕ್ಕಿನವರೆಗೆ 25 ವರ್ಷ. 2015ರಲ್ಲಿ ತಂಡದ ಕಥೆ ಸಿನಿಮಾ ಆಗಿ ಬಂದಾಗ ಬೀಟ್ಸ್ ಒಂದು ಪ್ರಚಾರ ತಂತ್ರ ಹೂಡಿತು. ‘ಸ್ಟ್ರೈಟ್ ಔಟಾ’ ಎಂಬುದರ ಮುಂದೆ ಯಾರು ಬೇಕಾದರೂ ತಮ್ಮ ಊರಿನ ಹೆಸರು ಸೇರಿಸಿ ಚಿತ್ರ ಮಾಡಿಕೊಳ್ಳಬಹುದಾಗಿತ್ತು. ಲಕ್ಷಾಂತರ ಜನ ಹಾಗೆಯೇ ಮಾಡಿದರು. ಕಾಂಪ್ಟನ್ ತೆಗೆದು ಲೋಕ್ಯಾಶ್ ಹಾಕಿ 1993ರಲ್ಲಿ ‘ಸಿಬಿ4’ ಮಾಡಿದ್ದ ಗೇಲಿ, 22 ವರ್ಷಗಳ ನಂತರ ಮೂಲ ತಂಡದವರದೇ ಜಾಹೀರಾತಾಗಿ ಬಂತು!

ಒಂದೇ ಪ್ರತಿಯ ಆಲ್ಬಂ

ಇಷ್ಟು ಹೊತ್ತಿಗೆ ಹಾಸ್ಯಗಾರರ ಕೆಲಸ ಕಷ್ಟವಾಗಿತ್ತು. 2013ರಲ್ಲಿ ಜೇ–ಜೀ ಅವರ ಹೊಸ ಆಲ್ಬಂನ ಹತ್ತು ಲಕ್ಷ ಪ್ರತಿಗಳನ್ನು ಸ್ಯಾಮ್‌ಸಂಗ್ ಕಂಪೆನಿ ಮುಂಚಿತವಾಗಿ ಕೊಂಡು ತನ್ನ ಫೋನುಗಳ ಮೂಲಕ ಹಂಚಿತು. 2014ರಲ್ಲಿ ಯು2 ಎಂಬ ರಾಕ್ ತಂಡದ ಆಲ್ಬಂ ಕೇಳದಿದ್ದವರ ಐಫೋನುಗಳಿಗೂ ತಾನಾಗಿ ಬಂದು ಕುಳಿತಿತು. ಆಂಡಿ ಸ್ಯಾಂಬರ್ಗ್ ನಟಿಸಿದ 2016ರ ‘ಪಾಪ್‌ಸ್ಟಾರ್’ ಎಂಬ ಹಾಸ್ಯಚಿತ್ರ ಇದನ್ನು ಮೀರಿಸಲು ಹೊರಟು, ಕಲ್ಪಿತ ಗಾಯಕನ ಆಲ್ಬಂ ಮನೆಬಳಕೆಯ ವಿದ್ಯುತ್ ಉಪಕರಣಗಳಿಂದ ಮೊಳಗುವಂತೆ ಮಾಡಿತು. ಆ ಭಾರಕ್ಕೆ ದೇಶಕ್ಕೆ ದೇಶವೇ ಕತ್ತಲಾಗುತ್ತದೆ. ಆದರೆ ಚಿತ್ರ ಹಾಕಿದ ಹಣವನ್ನೂ ಗಳಿಸಲಿಲ್ಲ. ನಿತ್ಯ ನೋಡುತ್ತಿದ್ದುದನ್ನೇ ಜನ ಟಿಕೆಟ್ ಕೊಂಡು ನೋಡಲು ಹೋಗಲಿಲ್ಲವೇನೋ.

ವು–ಟ್ಯಾಂಗ್ ತಂಡ ಆ ಹೊತ್ತಿಗೆ ಎಲ್ಲ ಹಾಸ್ಯಗಾರರನ್ನೂ ಹಿಂದಿಕ್ಕಿ ಆಗಿತ್ತು. ಆರು ವರ್ಷ ಗುಟ್ಟಾಗಿ ಧ್ವನಿಮುದ್ರಿಸಿದ ‘ಒನ್ಸ್ ಅಪಾನ್ ಎ ಟೈಮ್ ಇನ್ ಶಾವೊಲಿನ್’ ಎಂಬ ಆಲ್ಬಂನ ಒಂದೇ ಒಂದು ಪ್ರತಿಯನ್ನು ಕುಸುರಿ ಕೆಲಸದ ಪೆಟ್ಟಿಗೆಯಲ್ಲಿಟ್ಟು 2015ರಲ್ಲಿ ಮಾರಲಾಯಿತು. ಸಂಗೀತವೆಂದರೆ ಪುಕ್ಕಟೆ ಸಿಗುವ ವಸ್ತುವೆಂದು ತಿಳಿದ ಕಾಲದಲ್ಲಿ ಅದಕ್ಕೆ ಮತ್ತೆ ಚಿತ್ರಕಲೆಯ ಬೆಲೆ ತರುವುದು ತಮ್ಮ ಉದ್ದೇಶವೆಂದು ತಂಡ ಹೇಳಿತು. 2103ರವರೆಗೆ ಅದನ್ನು ವಾಣಿಜ್ಯವಾಗಿ ಬಿಡುಗಡೆ ಮಾಡುವಂತಿಲ್ಲ ಎಂಬ ಷರತ್ತೂ ಇತ್ತು. 20 ಲಕ್ಷ ಡಾಲರ್ ಕೊಟ್ಟು ಕೊಂಡವನು ಮಾರ್ಟಿನ್ ಶ್ಕ್ರೆಲಿ. ಸೋಂಕು ರೋಗದ ಮಾತ್ರೆಯೊಂದರ ಬೆಲೆಯನ್ನು 13.50 ಡಾಲರಿನಿಂದ ಒಮ್ಮೆಲೇ 750 ಡಾಲರಿಗೆ ಏರಿಸಿ ದೇಶದ ಶಾಪಕ್ಕೆ ಗುರಿಯಾಗಿದ್ದ ಔಷಧ ವ್ಯಾಪಾರಿ. 2017ರಲ್ಲಿ ಷೇರು ವಂಚನೆ ಪ್ರಕರಣದಲ್ಲಿ ಅವನು ಅಪರಾಧಿಯೆಂದು ತೀರ್ಮಾನವಾಗಿ, 2018ರಲ್ಲಿ ಆಲ್ಬಂ ಅಮೆರಿಕ ಸರ್ಕಾರದ ವಶಕ್ಕೆ ಹೋಯಿತು. ಒಂದು ರ‍್ಯಾಪ್ ಆಲ್ಬಂನ ಏಕೈಕ ಪ್ರತಿಗೆ ಸರ್ಕಾರವೇ ಒಡೆಯ! 2021ರಲ್ಲಿ ‘ಪ್ಲೀಸರ್‌ಡಿಎಒ’ ಎಂಬ ಡಿಜಿಟಲ್ ಕಲಾಸಂಗ್ರಹದ ಕೂಟ 40 ಲಕ್ಷ ಡಾಲರಿಗೆ ಅದನ್ನು ಪಡೆಯಿತು. 2024ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದ ಮೋನಾ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರು ಕೆಲವೇ ದಿನ ಅದರ ಆಯ್ದ ಭಾಗ ಕೇಳುವಂತಾಯಿತು.

ಈ ಪ್ರಸಂಗದ ಒಂದು ಸಣ್ಣ ಎಳೆ ಇಡೀ ಕಥೆಯ ಸಾರವನ್ನು ಹೇಳುತ್ತದೆ. 2015ರಲ್ಲಿ ತಮಾಷೆಗಾರನೊಬ್ಬ ಟ್ವಿಟರ್‌ನಲ್ಲಿ ಈ ಮಾರಾಟದ ಕರಾರಿಗೆ ಒಂದು ಸುಳ್ಳು ಷರತ್ತು ಹೆಣೆದ: ವು–ಟ್ಯಾಂಗ್ ತಂಡದ ಸದಸ್ಯರಾಗಲಿ, ಹಾಸ್ಯನಟ ಬಿಲ್ ಮರ್ರೆ ಆಗಲಿ ಒಂದು ಸಲ ಈ ಆಲ್ಬಂ ಕದಿಯಲು ಯತ್ನಿಸಬಹುದು ಎಂದು. ಕೆಲವು ಸುದ್ದಿಸಂಸ್ಥೆಗಳು ಅದನ್ನು ನಿಜವೆಂದೇ ವರದಿ ಮಾಡಿದವು. ಅವರನ್ನು ದೂರುವುದು ಕಷ್ಟ. ಉಳಿದ ಷರತ್ತುಗಳೆಲ್ಲ ನಿಜವಾಗಿರುವಾಗ ಇದೊಂದು ಸುಳ್ಳೆಂದು ಗುರುತಿಸುವುದು ಹೇಗೆ?

ಕೊನೆಗೆ ಟೋಪಿ ಯಾರಿಗೆ?

ಹಿಪ್‌ಹಾಪ್ ಪವಿತ್ರವಾಗಿ ಹುಟ್ಟಿತು, ಸಂತೆ ಅದನ್ನು ಕೆಡಿಸಿತು ಎಂದು ಹೇಳಿಬಿಡುವುದು ಸುಲಭ. ಆದರೆ ಮೊದಲ ದಿನವೇ ಬಾಗಿಲಲ್ಲಿ ಟಿಕೆಟ್ ಇತ್ತು, ಆ ಹಣ ಒಬ್ಬ ಹುಡುಗಿಯ ಹೊಸ ಬಟ್ಟೆಗಾಗಿತ್ತು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಬಡವರ ಕಲೆಗೆ ಹಣ ಬರಬಾರದೆಂದು ಹೇಳಲು ಹೊಟ್ಟೆ ತುಂಬಿದವರಿಗೆ ಹಕ್ಕಿಲ್ಲ.

ಪ್ರಶ್ನೆ ಇರುವುದು ಬೇರೆ ಕಡೆ. ಸಿಂಡಿಯ ಕೂಟದಲ್ಲಿ ಹಾಡಿಗಾಗಿ ಟಿಕೆಟ್ ಇತ್ತು. ಹ್ಯಾಮರ್ ಬೊಂಬೆಯ ಹೊತ್ತಿಗೆ ಟಿಕೆಟಿಗಾಗಿ ಹಾಡು ಇರುವಂತಾಯಿತು. ಕಾಜ್‌ಗೆ ತನ್ನ ಸಾಲುಗಳ ಹೆಸರೂ ದಕ್ಕಲಿಲ್ಲ, ಹ್ಯಾಮರ್‌ಗೆ ಕೋಟಿ ಪ್ರತಿಗಳ ಹಣವೂ ಉಳಿಯಲಿಲ್ಲ. ಈ ವ್ಯತ್ಯಾಸವನ್ನು ಹಲವು ವಿಮರ್ಶಕರಿಗಿಂತ ಮೊದಲು, ಹೆಚ್ಚು ಸ್ಪಷ್ಟವಾಗಿ ಹೇಳಿದವರು ಕಂಡೀಫ್, ಕ್ರಿಸ್ ರಾಕ್‌ರಂಥ ನಗೆಗಾರರು. ತಾವು ಪ್ರೀತಿಸಿದ್ದನ್ನೇ ಅವರು ಗೇಲಿ ಮಾಡಿದರು. ಸಂತೆ ಆ ಗೇಲಿಯನ್ನೂ ಕೊಂಡು ಮಾರಿತು ಎಂಬುದು ನಿಜ. ಆದರೆ ಆ ನಗೆ ಇಲ್ಲದಿದ್ದರೆ ಮಾರಾಟವಾಗುತ್ತಿರುವುದು ಏನೆಂದು ನೆನಪಿಸುವವರೂ ಇರುತ್ತಿರಲಿಲ್ಲ.

ಕಂಡೀಫ್ ಅವರ ಚಿತ್ರ ಚಿತ್ರಮಂದಿರಗಳಲ್ಲಿ ಹೆಚ್ಚು ದಿನ ಓಡಲಿಲ್ಲ. ವಿಡಿಯೊ ಕ್ಯಾಸೆಟ್ಟುಗಳ ಮೂಲಕ ಕೈಯಿಂದ ಕೈಗೆ ಸಾಗಿ, ಹಿಪ್‌ಹಾಪ್ ಬಲ್ಲವರ ನಡುವೆ ಅದು ಉಳಿದುಕೊಂಡಿತು. ಟೋಪಿಯ ಆ ಭಾಷಣ ಕೇಳಿ ಅವರು ಇಂದಿಗೂ ನಗುತ್ತಾರೆ. ನಗುತ್ತಲೇ ತಮ್ಮ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ.